ಯಾವ ಕಿಟಕಿ ತೆರೆಯಲಿ?

ವೈದ್ಯರ ನಡುವೆ ಒಂದು ಮಾತು ಬಹಳ ಸಲೀಸಾಗಿ ಓಡಾಡುತ್ತದೆ: "ಈ ರೋಗಿಗೆ ತಿಳಿವಳಿಕೆ ಸಾಲದು." ಆಸ್ತಮಾ ಹತೋಟಿಗೆ ಬರಲಿಲ್ಲವೆಂದರೆ ಮೊದಲು ಹೊರಬೀಳುವ ತೀರ್ಪು ಇದೇ. ಇನ್‌ಹೇಲರ್ ಸರಿಯಾಗಿ ಎಳೆದುಕೊಳ್ಳುವುದಿಲ್ಲ, ಹೇಳಿದ್ದನ್ನು ಕೇಳುವುದಿಲ್ಲ, ಮನೆಯನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವುದಿಲ್ಲ. ಇಂಗ್ಲೆಂಡಿನಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಜಿಪಿಯಾಗಿ ಕೆಲಸ ಮಾಡಿದ ನಾನೂ ಈ ಮಾತನ್ನು ಲೆಕ್ಕವಿಲ್ಲದಷ್ಟು ಸಲ ಆಡಿದ್ದೇನೆ. ಈಗ ಅದರ ವಿರುದ್ಧ ಬರೆಯಲು ಕೂತಿದ್ದೇನೆ. ಅದು ಪೂರ್ತಿ ಸುಳ್ಳು ಎಂದಲ್ಲ. ಅರ್ಧ ನಿಜ. ಆ ಅರ್ಧವನ್ನು ಮುಂದೆ ಮಾಡಿಕೊಂಡು ನಾವು ಉಳಿದರ್ಧವನ್ನು ಬಚ್ಚಿಡುತ್ತಿದ್ದೇವೆ.

ನನ್ನದೇ ತಪ್ಪಿನಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಕನ್ನಡದ ತಾಯಿಯೊಬ್ಬರು ಆರು ವರ್ಷದ ಮಗನನ್ನು ಕರೆದುಕೊಂಡು ಬರುತ್ತಿದ್ದರು. ಚಳಿಗಾಲ ಬಂದರೆ ಹುಡುಗನಿಗೆ ರಾತ್ರಿಯೆಲ್ಲ ಕೆಮ್ಮು, ಬೆಳಗಿನ ಜಾವ ಎದೆ ಗೊರಗೊರ. ಆಕೆ ಎಂ.ಎಸ್ಸಿ. ಓದಿದವರು. ಮಗುವಿನ ಕೆಮ್ಮಿನ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ದಿನದಿನವೂ ಬರೆದಿಡುತ್ತಿದ್ದರು. ಮಲಗುವ ಕೋಣೆಯ ಗೋಡೆಗೆ ಬೂಷ್ಟು ಹಿಡಿದಿದೆ ಎಂದು ಹೇಳಿದಾಗ ನಾನು ಕಂಪ್ಯೂಟರಿನ ಕಡೆಯೇ ನೋಡುತ್ತಾ, "ಕಿಟಕಿ ತೆರೆದಿಡಿ, ಗಾಳಿಯಾಡಲಿ" ಅಂದೆ. ಮುಂದಿನ ಸಲವೂ ಅದನ್ನೇ ಅಂದೆ. ಮೂರನೆಯ ಸಲ ಆಕೆ ತುಸು ಗಟ್ಟಿಯಾಗಿಯೇ ಕೇಳಿದರು: "ಯಾವ ಕಿಟಕಿ ತೆರೆಯಲಿ ಸಾರ್? ಮಲಗೋ ಕೋಣೆ ಕಿಟಕಿ ಮೇನ್ ರೋಡಿಗೆ ಇದೆ. ತೆರೆದರೆ ಬಸ್ಸು ಲಾರಿ ಹೊಗೆಗೆ ಇವನು ಕೆಮ್ಮುತ್ತಾನೆ. ಮುಚ್ಚಿದರೆ ಗೋಡೆ ಕಪ್ಪಾಗುತ್ತೆ. ಅಡುಗೆಮನೆ ಕಿಟಕಿ ಬಣ್ಣ ಬಳಿದು ಬಳಿದು ಅಂಟಿಕೊಂಡುಬಿಟ್ಟಿದೆ, ತೆರೆಯೋಕೇ ಆಗಲ್ಲ. ನೀವೇ ಹೇಳಿ."

ನನ್ನಲ್ಲಿ ಉತ್ತರವಿರಲಿಲ್ಲ. ನಾನು ಕೊಟ್ಟದ್ದು ಮನೆಯನ್ನೇ ಕಾಣದವನ ಉಪದೇಶ. ಅದನ್ನು ಕಡತದಲ್ಲಿ ಹೇಗೆ ಬರೆದಿದ್ದೆ ಗೊತ್ತೇ? "ಆರೋಗ್ಯ ಶಿಕ್ಷಣ ನೀಡಲಾಗಿದೆ" ಎಂದು.

ಈ ಎರಡು ಕಿಟಕಿಗಳ ಇಕ್ಕಟ್ಟು ಒಂದು ಮನೆಯದಲ್ಲ. ಈ ದೇಶದಲ್ಲಿ ಒಂದೊಂದು ಕಿಟಕಿಗೂ ಒಂದೊಂದು ಮಗುವಿನ ಹೆಸರಿದೆ.

ರಸ್ತೆ ಕಡೆಯ ಕಿಟಕಿಯ ಹೆಸರು ಎಲ್ಲಾ ಅಡೂ ಕಿಸ್ಸಿ ಡೆಬ್ರಾ. ಆಗ್ನೇಯ ಲಂಡನ್ನಿನ ಲ್ಯೂಯಿಶಮ್ಮಿನಲ್ಲಿ ಸೌತ್ ಸರ್ಕ್ಯುಲರ್ ಎಂಬ ಹೆದ್ದಾರಿಯ ಪಕ್ಕದಲ್ಲೇ ಬೆಳೆದ ಹುಡುಗಿ. ತೀವ್ರ ಆಸ್ತಮಾದಿಂದ ಮೂರು ವರ್ಷಗಳಲ್ಲಿ ಸುಮಾರು 30 ಬಾರಿ ಆಸ್ಪತ್ರೆ ಕಂಡವಳು. 2013ರ ಫೆಬ್ರವರಿಯಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಮೊದಲ ಮರಣ ವಿಚಾರಣೆಯಲ್ಲಿ ಗಾಳಿಯ ಸುದ್ದಿಯೇ ಬರಲಿಲ್ಲ. ತಾಯಿ ರೋಸಮಂಡ್ ಬಿಡಲಿಲ್ಲ. ಹೈಕೋರ್ಟು ಹಳೆಯ ತೀರ್ಪನ್ನು ರದ್ದುಮಾಡಿತು. 2020ರ ಡಿಸೆಂಬರಿನಲ್ಲಿ ಎರಡನೆಯ ವಿಚಾರಣೆ ನಡೆಸಿದ ಕರೋನರ್ ಫಿಲಿಪ್ ಬಾರ್ಲೋ, ಸಾವಿನ ಕಾರಣಗಳಲ್ಲಿ ತೀವ್ರ ಆಸ್ತಮಾದ ಜೊತೆಗೆ ವಾಯುಮಾಲಿನ್ಯವನ್ನೂ ಸೇರಿಸಿದರು. ಈ ದೇಶದಲ್ಲಿ ಹಾಗೆ ದಾಖಲಾದದ್ದು ಅದೇ ಮೊದಲು.

ಆ ತೀರ್ಪಿನ ಇನ್ನೊಂದು ಮಾತನ್ನು ವೈದ್ಯರಾದ ನಾವು ಮತ್ತೆ ಮತ್ತೆ ಓದಬೇಕು. ಮಾಲಿನ್ಯದಿಂದ ಮಗಳ ಆಸ್ತಮಾ ಕೆರಳಬಹುದೆಂಬ ಮಾಹಿತಿಯನ್ನು ಆ ತಾಯಿಗೆ ಯಾರೂ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಆಕೆ ಏನಾದರೂ ಕ್ರಮ ತೆಗೆದುಕೊಳ್ಳುತ್ತಿದ್ದರು, ಅದರಿಂದ ಸಾವು ತಪ್ಪಬಹುದಿತ್ತು ಎಂದು ಕರೋನರ್ ಕಂಡುಕೊಂಡರು. ರೋಸಮಂಡ್ ಅನಕ್ಷರಸ್ಥೆಯಲ್ಲ, ಶಾಲಾ ಶಿಕ್ಷಕಿ. ಮಗಳನ್ನು ಆಸ್ಪತ್ರೆಗೆ ಒಯ್ಯುವುದರಲ್ಲಿ ಒಂದು ದಿನವೂ ಉದಾಸೀನ ಮಾಡಿದವರಲ್ಲ. ಹಾಗಿದ್ದರೆ ತಿಳಿವಳಿಕೆ ಸಾಲದೇ ಹೋದದ್ದು ಯಾರಿಗೆ? 30 ಬಾರಿ ಆ ಮಗುವನ್ನು ನೋಡಿಯೂ, ಮನೆ ಎಲ್ಲಿದೆ, ಕಿಟಕಿ ಯಾವ ಕಡೆಗಿದೆ ಎಂದು ಕೇಳದ ವ್ಯವಸ್ಥೆಗೆ. 2021ರಲ್ಲಿ ಕರೋನರ್ ಹೊರಡಿಸಿದ ಎಚ್ಚರಿಕೆಯ ವರದಿ ಇದನ್ನು ನೇರವಾಗಿಯೇ ಹೇಳಿತು. ದೇಶದ ಗಾಳಿಯ ಮಿತಿಗಳು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಗಿಂತ ಸಡಿಲವಾಗಿವೆ, ಜನರಿಗೆ ಮಾಹಿತಿ ತಲುಪುತ್ತಿಲ್ಲ, ವೈದ್ಯರೂ ದಾದಿಯರೂ ರೋಗಿಗಳಿಗೆ ಹೇಳುತ್ತಿಲ್ಲ ಎಂದು. ಶಿಕ್ಷಣವೂ ಪರಿಸರವೂ ಬೇರೆ ಬೇರೆ ಖಾತೆಗಳಲ್ಲ ಎನ್ನುವುದಕ್ಕೆ ಇದಕ್ಕಿಂತ ಕಟುವಾದ ಸಾಕ್ಷಿ ಬೇಡ.

ಮುಚ್ಚಿದ ಕಿಟಕಿಯ ಹೆಸರು ಅವಾಬ್ ಇಶಾಕ್. ರಾಚ್‌ಡೇಲಿನ ಸಾಮಾಜಿಕ ವಸತಿಯ ಒಂದು ಫ್ಲಾಟಿನಲ್ಲಿ ಬೆಳೆದ, ಎರಡು ವರ್ಷದ ಕೂಸು. ಅವನದು ಆಸ್ತಮಾ ಎಂದು ನಾನು ಹೇಳುತ್ತಿಲ್ಲ. ಮನೆಯ ಬೂಷ್ಟಿಗೆ ಬಹುಕಾಲ ಒಡ್ಡಿಕೊಂಡದ್ದರಿಂದ ಉಸಿರಾಟದ ಅಂಗಗಳು ಕೆಟ್ಟು 2020ರ ಡಿಸೆಂಬರಿನಲ್ಲಿ ಸತ್ತನೆಂದು ಕರೋನರ್ 2022ರಲ್ಲಿ ತೀರ್ಮಾನಿಸಿದರು. ತಂದೆ ವರ್ಷಗಟ್ಟಲೆ ದೂರು ಕೊಟ್ಟಿದ್ದರು. ಸಿಕ್ಕ ಸಲಹೆ, ಬೂಷ್ಟಿನ ಮೇಲೆ ಬಣ್ಣ ಬಳಿಯಿರಿ. ಇದೆಲ್ಲ ಆ ಕುಟುಂಬದ ಜೀವನಶೈಲಿಯಿಂದ, ಅವರ ಸ್ನಾನದ ರೀತಿಯಿಂದ ಎಂದು ಮನೆಯ ಒಡೆತನದ ಸಂಸ್ಥೆ ಅಂದುಕೊಂಡಿತ್ತು. ಆಮೇಲೆ ಆ ಅನಿಸಿಕೆ ತಪ್ಪೆಂದು ಒಪ್ಪಿಕೊಂಡಿತು. ಕೂಸು ಮಣ್ಣಾದ ಮೇಲೆ.

ಈ "ಜೀವನಶೈಲಿ" ಎಂಬ ಮಾತನ್ನು ಕೇಳಿದಾಗ ನಮ್ಮವರಿಗೆ ಮೈ ಉರಿಯಬೇಕು. ಬಕೆಟ್ಟು ಚೊಂಬು ಇಟ್ಟುಕೊಂಡು ಸ್ನಾನ ಮಾಡುವವರು ನಾವು. ದಿನಾ ಅನ್ನ ಬೇಯಿಸುವವರು, ಸಾರಿಗೆ ಒಗ್ಗರಣೆ ಹಾಕುವವರು, ಊದುಬತ್ತಿ ಹಚ್ಚುವವರು ನಾವು. ಇಲ್ಲಿ ಬಾಡಿಗೆ ಮನೆಯಲ್ಲಿ ತೇವದ ದೂರು ಕೊಟ್ಟ ಕನ್ನಡಿಗರಲ್ಲಿ ಎಷ್ಟು ಜನಕ್ಕೆ "ನೀವು ಅಡುಗೆ ಜಾಸ್ತಿ ಮಾಡುತ್ತೀರಿ" ಎಂಬ ಉತ್ತರ ಬಂದಿಲ್ಲ? ನಾನು ಮೊದಲು ಹೇಳಿದ ತಾಯಿಗೂ ಅಂಥದೇ ಒಂದು ಪತ್ರ ಬಂದಿತ್ತು. ಆಕೆ ನಾಚಿಕೆಪಟ್ಟು ಅದನ್ನು ಯಾರಿಗೂ ತೋರಿಸಿರಲಿಲ್ಲ.

ನಾಚಿಕೆ ಪಡಬೇಕಾದವರು ಬೇರೆ. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ನಮ್ಮ ಅಭ್ಯಾಸಗಳಲ್ಲಿ ತೊಡಕಿಲ್ಲ ಎನ್ನುವಂತೆಯೂ ಇಲ್ಲ. ಊದುಬತ್ತಿಯ ಹೊಗೆ ಹೊಗೆಯೇ. ದೇವರ ಮುಂದೆ ಹಚ್ಚಿದ ಮಾತ್ರಕ್ಕೆ ಶ್ವಾಸನಾಳ ಅದನ್ನು ಬೇರೆಯಾಗಿ ನೋಡುವುದಿಲ್ಲ. ಒದ್ದೆ ಬಟ್ಟೆಯನ್ನು ಚಳಿಗಾಲದಲ್ಲಿ ರೇಡಿಯೇಟರಿನ ಮೇಲೆ ಒಣಗಿಸಿದರೆ ಆ ನೀರೆಲ್ಲ ಗಾಳಿಗೆ ಸೇರಿ, ತಣ್ಣನೆಯ ಗೋಡೆ ಮುಟ್ಟಿದಲ್ಲಿ ಮತ್ತೆ ನೀರಾಗುತ್ತದೆ. ಅಲ್ಲೇ ಬೂಷ್ಟು. ಇದನ್ನು ಹೇಳಿಕೊಡಲೇಬೇಕು. ಆದರೆ ಅದರ ಜೊತೆಗೇ ಒಪ್ಪಿಕೊಳ್ಳಬೇಕಾದದ್ದು: ಅಭ್ಯಾಸ ಅದೇ, ಬದಲಾದದ್ದು ಮನೆ. ಹೆಂಚಿನ ಸಂದಿನಲ್ಲಿ ಹಬೆ ಹೋಗುತ್ತಿದ್ದ, ಹಿತ್ತಿಲ ತಂತಿಯ ಮೇಲೆ ಬಟ್ಟೆ ಅರ್ಧ ದಿನದಲ್ಲಿ ಒಣಗುತ್ತಿದ್ದ ಊರಿನಿಂದ ಬಂದವರಿಗೆ, ಹಬೆ ಹೊರಗೆಳೆಯುವ ಫ್ಯಾನ್ ಕೆಟ್ಟು ನಿಂತ, ಗೋಡೆಗೆ ಶಾಖ ಹಿಡಿಯುವ ಹೊದಿಕೆಯಿಲ್ಲದ ಫ್ಲಾಟನ್ನು ಕೊಟ್ಟು, ಬಟ್ಟೆ ಒಣಗಿಸಬೇಡಿ ಎಂದರೆ ಅವರು ಎಲ್ಲಿ ಒಣಗಿಸಬೇಕು?

ಊರಿನ ಮನೆಯನ್ನು ಹೊಗಳುವುದಕ್ಕೂ ನಾನು ಹೊರಟಿಲ್ಲ. ಸೌದೆ ಒಲೆ ಊದಿ ಊದಿ, ಅರವತ್ತು ದಾಟುವ ಮೊದಲೇ ಗೋಡೆಗೊರಗಿ ಕೂತು ಉಸಿರೆಳೆಯುತ್ತಿದ್ದ ಅಜ್ಜಿಯರನ್ನು ನಮ್ಮಲ್ಲಿ ಬಹಳ ಮಂದಿ ಕಂಡಿದ್ದೇವೆ. ಅದಕ್ಕೆ ಉಬ್ಬಸ, ಗೂರಲು, ದಮ್ಮು ಎಂದು ಹೆಸರಿಟ್ಟೆವು. ಅಜ್ಜಿಯ ಹಣೆಬರಹ ಎಂದೆವು. ಒಲೆಯ ಬರಹ ಎಂದು ಯಾರೂ ಹೇಳಲಿಲ್ಲ.

ಬೆಂಗಳೂರಿನ ಲೆಕ್ಕವೂ ಇದೇ ಕಥೆ ಹೇಳುತ್ತದೆ. ಮಕ್ಕಳ ಶ್ವಾಸರೋಗ ತಜ್ಞ ಡಾ. ಎಚ್. ಪರಮೇಶ್ ಅವರು ಅಲ್ಲಿ ದಶಕಗಳ ಕಾಲ ಕೂಡಿಸಿದ ಆಸ್ಪತ್ರೆ ದಾಖಲೆಗಳಲ್ಲಿ 1979ರಲ್ಲಿ ಶೇ. 9ರಷ್ಟು ಮಕ್ಕಳಿಗೆ ಆಸ್ತಮಾ ಇತ್ತು. 1999ರ ಹೊತ್ತಿಗೆ ಅದು ಶೇ. 29.5. ಅದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಎಂದು ತಳ್ಳಿಹಾಕುವವರು ಅವರ ಶಾಲಾ ಸಮೀಕ್ಷೆಯನ್ನು ನೋಡಲಿ. ವಾಹನ ಸಂಚಾರ ಕಡಿಮೆ ಇರುವ ಕಡೆಯ ಶಾಲೆಗಳಲ್ಲಿ ಶೇ. 11ರಷ್ಟು ಮಕ್ಕಳಿಗೆ ಆಸ್ತಮಾ. ಸಂಚಾರ ದಟ್ಟವಾಗಿರುವ ಕಡೆ ಶೇ. 19. ಸಂಚಾರವೂ ದಟ್ಟ, ಬಡತನವೂ ಇರುವ ಕಡೆ ಶೇ. 31. ಒಂದೇ ಊರು, ಅದೇ ಹವೆ, ಅದೇ ಭಾಷೆ. ತಾಯಂದಿರ ತಿಳಿವಳಿಕೆಯೊಂದರಿಂದಲೇ 11 ಎಂಬುದು 31 ಆಗುತ್ತದೆ ಎಂದು ನಂಬುವವರು ರಸ್ತೆಯನ್ನು ನೋಡಲು ಒಲ್ಲದವರು.

ಈಗ ಶಿಕ್ಷಣದ ಅರ್ಧಕ್ಕೆ ಬರೋಣ. ಮನೆ ಸರಿಮಾಡಿದರೆ ಸಾಕು, ಪಾಠ ಬೇಡ ಎಂದು ನಾನು ವಾದಿಸುತ್ತಿಲ್ಲ. ಪಾಠ ಬೇಕು. ಆದರೆ ಪಾಠವೆಂದು ನಾವು ಕೊಡುತ್ತಿರುವುದು ಪಾಠವೇ ಅಲ್ಲ.

2014ರಲ್ಲಿ ಇಲ್ಲಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಆಸ್ತಮಾ ಸಾವುಗಳ ರಾಷ್ಟ್ರೀಯ ಪರಿಶೀಲನೆಯೊಂದನ್ನು ಪ್ರಕಟಿಸಿತು. ಒಂದು ವರ್ಷದ ಅವಧಿಯಲ್ಲಿ ಆಸ್ತಮಾದಿಂದ ಸತ್ತ 195 ಜನರ ಕಡತಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದ ವರದಿ ಅದು. ಕೆಮ್ಮು ಹೆಚ್ಚಾದರೆ ಏನು ಮಾಡಬೇಕು, ಯಾವಾಗ ಆಸ್ಪತ್ರೆಗೆ ಓಡಬೇಕು ಎಂದು ಬರೆದುಕೊಟ್ಟ ಚೀಟಿ ಅವರಲ್ಲಿ ಎಷ್ಟು ಜನಕ್ಕೆ ಸಿಕ್ಕಿತ್ತು? 44 ಜನಕ್ಕೆ. ನೂರಕ್ಕೆ 23. ಶೇ. 43 ಮಂದಿಗೆ ಸಾಯುವ ಹಿಂದಿನ ವರ್ಷದಲ್ಲಿ ಜಿಪಿ ಬಳಿ ಆಸ್ತಮಾ ತಪಾಸಣೆ ಆದ ಗುರುತೇ ಇರಲಿಲ್ಲ. ಲೆಕ್ಕ ಸಿಕ್ಕ 165 ರೋಗಿಗಳಲ್ಲಿ 65 ಜನಕ್ಕೆ ಒಂದೇ ವರ್ಷದಲ್ಲಿ 12ಕ್ಕಿಂತ ಹೆಚ್ಚು ನೀಲಿ ಇನ್‌ಹೇಲರ್‌ಗಳನ್ನು ಬರೆದುಕೊಡಲಾಗಿತ್ತು. ತಿಂಗಳಿಗೊಂದು ನೀಲಿ ಇನ್‌ಹೇಲರ್ ಖಾಲಿಯಾಗುತ್ತಿದೆ ಎಂದರೆ ರೋಗ ಕೈಮೀರುತ್ತಿದೆ ಎಂದರ್ಥ. ಆ ಚೀಟಿಗಳಿಗೆ ಸಹಿ ಹಾಕಿದವರು ರೋಗಿಗಳಲ್ಲ, ನಾವು.

ನೀಲಿ ಇನ್‌ಹೇಲರಿನ ಮೋಸವನ್ನು ಬಿಡಿಸಿ ಹೇಳಲು ಐದು ನಿಮಿಷ ಸಾಕು. ಅದು ಬಿಗಿದ ಶ್ವಾಸನಾಳವನ್ನು ಸಡಿಲಿಸುತ್ತದೆ. ಕೆಲವೇ ನಿಮಿಷದಲ್ಲಿ ಆರಾಮ. ಒಳಗಿನ ಊತಕ್ಕೆ ಅದು ಏನೂ ಮಾಡುವುದಿಲ್ಲ. ಊತ ಇಳಿಸುವುದು ಕಂದು ಬಣ್ಣದ, ಸ್ಟೀರಾಯ್ಡ್ ಇರುವ ಇನ್‌ಹೇಲರ್. ಅದನ್ನು ಎಳೆದುಕೊಂಡಾಗ ಏನೂ ಆದಂತೆ ಅನಿಸುವುದಿಲ್ಲ. ದಿನವೂ ತೆಗೆದುಕೊಂಡರೆ ವಾರಗಳ ಮೇಲೆ ಗುಣ ಕಾಣುತ್ತದೆ. ಹಾಗಾಗಿ ಜನ ನೀಲಿಯನ್ನು ನಂಬುತ್ತಾರೆ, ಕಂದನ್ನು ಮೂಲೆಗೆ ಹಾಕುತ್ತಾರೆ. ಅದರಲ್ಲಿ ದಡ್ಡತನವಿಲ್ಲ, ಅನುಭವಕ್ಕೆ ಕಂಡದ್ದನ್ನು ನಂಬುವುದು ಮನುಷ್ಯ ಸಹಜ. ಅದರ ಮೇಲೆ "ಸ್ಟೀರಾಯ್ಡ್" ಎಂಬ ಪದದ ಭಯ, "ಒಮ್ಮೆ ಹಿಡಿದರೆ ಬಿಡಲಾಗದು" ಎಂಬ ನಮ್ಮವರ ನಂಬಿಕೆ, ಮಗಳಿಗೆ ಆಸ್ತಮಾ ಎಂದರೆ ಸಂಬಂಧ ಕೂಡಿಬರುವುದಿಲ್ಲವೆಂದು "ಸ್ವಲ್ಪ ವೀಜಿಂಗ್ ಅಷ್ಟೇ" ಎಂದು ಮುಚ್ಚಿಡುವ ಚಾಳಿ. ಮೃಗಶಿರಾ ಬಂತೆಂದರೆ ಮೀನಿನ ಔಷಧಕ್ಕೆ ಹೈದರಾಬಾದಿಗೆ ಹೋಗಿಬನ್ನಿ ಎಂದು ಊರಿನಿಂದ ಬರುವ ಫೋನು. ಇವೆಲ್ಲ ಇವೆ. ಇವನ್ನು ಎದುರಿಸಲು ರೋಗಿಯ ಭಾಷೆಯಲ್ಲಿ ಕೂತು ಮಾತಾಡಬೇಕು, ಸ್ಪೇಸರ್ ಕೈಗೆ ಕೊಟ್ಟು ಮಾಡಿ ತೋರಿಸಬೇಕು, ಅವರಿಂದ ಮಾಡಿಸಿ ನೋಡಬೇಕು. ಹತ್ತು ನಿಮಿಷದ ಭೇಟಿಯ ಕೊನೆಯ ನಲವತ್ತು ಸೆಕೆಂಡಿನಲ್ಲಿ ಇಂಗ್ಲಿಷಿನ ಮಡಚು ಕಾಗದವೊಂದನ್ನು ಕೈಗಿಟ್ಟು "ಶಿಕ್ಷಣ ನೀಡಲಾಗಿದೆ" ಎಂದು ಬರೆಯಬಾರದು.

ಇದು ನನ್ನೊಬ್ಬನ ಸಿಟ್ಟಲ್ಲ. ವೈದ್ಯಕೀಯ ಸಾಕ್ಷ್ಯಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಪರಿಶೀಲನೆಗಳು ದಶಕಗಳ ಹಿಂದೆಯೇ ಇದನ್ನು ಹೇಳಿವೆ. ಬರೀ ಮಾಹಿತಿ ಕೊಟ್ಟರೆ ಆಸ್ಪತ್ರೆ ಸೇರುವವರ ಸಂಖ್ಯೆ ಇಳಿಯುವುದಿಲ್ಲ. ತನ್ನ ಉಸಿರನ್ನು ತಾನೇ ಗಮನಿಸುವುದನ್ನು ಕಲಿಸಿ, ಬರೆದ ಯೋಜನೆ ಕೊಟ್ಟು, ಆಗಾಗ ಕರೆದು ನೋಡಿದರೆ ಇಳಿಯುತ್ತದೆ. ಅಂದರೆ ಉಪದೇಶಕ್ಕೂ ಶಿಕ್ಷಣಕ್ಕೂ ಇರುವ ಅಂತರವನ್ನು ಅಳೆದು ತೋರಿಸಿಯಾಗಿದೆ. ನಾವಿನ್ನೂ ಅಗ್ಗದ್ದನ್ನೇ ಹಂಚುತ್ತಿದ್ದೇವೆ.

ಮನೆಯನ್ನು ಸರಿಮಾಡುವುದೂ ಹಾಗೆಯೇ ಅಳೆದು ನೋಡಿದ ಚಿಕಿತ್ಸೆ. ಅಮೆರಿಕದ ಏಳು ನಗರಗಳಲ್ಲಿ, ಹೆಚ್ಚಾಗಿ ಬಡ ಕೇರಿಗಳ 937 ಆಸ್ತಮಾ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅರ್ಧ ಕುಟುಂಬಗಳ ಮನೆಗೇ ಹೋಗಿ, ಆ ಮಗುವಿಗೆ ಒಗ್ಗದ್ದೇನು ಎಂದು ನೋಡಿ, ತಾಯಂದಿರಿಗೆ ಕಲಿಸಿ, ಜೊತೆಗೆ ಹಾಸಿಗೆಯ ಹೊದಿಕೆ, ಗಾಳಿಯ ಫಿಲ್ಟರ್, ವ್ಯಾಕ್ಯೂಮ್ ಕ್ಲೀನರ್‌ಗಳನ್ನು ಕೊಟ್ಟರು. ಜಿರಳೆ ಕಾಟವಿದ್ದಲ್ಲಿ ಅದನ್ನು ನಿವಾರಿಸಿದರು. ಮೊದಲ ವರ್ಷದಲ್ಲಿ ಆ ಮಕ್ಕಳು ಉಳಿದವರಿಗಿಂತ ಸುಮಾರು 21 ದಿನ ಹೆಚ್ಚು ನೆಮ್ಮದಿಯಾಗಿ ಉಸಿರಾಡಿದರು. ನ್ಯೂಜಿಲೆಂಡಿನಲ್ಲಿ 409 ಆಸ್ತಮಾ ಮಕ್ಕಳ ಮನೆಗಳನ್ನು ಆರಿಸಿ, ಕೆಲವಕ್ಕೆ ಹೊಗೆಯುಗುಳದ ಒಳ್ಳೆಯ ಹೀಟರ್ ಹಾಕಿಸಿ ನೋಡಿದರು. ಯಂತ್ರದಲ್ಲಿ ಊದಿಸಿ ಅಳೆಯುವ ಶ್ವಾಸಕೋಶದ ಬಲ ಗಮನಾರ್ಹವಾಗಿ ಬದಲಾಗಲಿಲ್ಲ, ನಿಜ. ಆದರೆ ರಾತ್ರಿಯ ಕೆಮ್ಮು ಇಳಿಯಿತು, ಶಾಲೆ ತಪ್ಪುವ ದಿನಗಳು ಇಳಿದವು, ವೈದ್ಯರ ಭೇಟಿ ಇಳಿಯಿತು. ಒಬ್ಬ ತಾಯಿಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೆ?

"ಮನೆ ರಿಪೇರಿ ವೈದ್ಯರ ಕೆಲಸವೇ?" ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ಸುತ್ತಿಗೆ ಹಿಡಿಯುವುದು ನಮ್ಮ ಕೆಲಸವಲ್ಲ. ಕೇಳುವುದು, ಬರೆಯುವುದು, ಬರೆದದ್ದನ್ನು ತಲುಪಬೇಕಾದವರಿಗೆ ತಲುಪಿಸುವುದು ನಮ್ಮ ಕೆಲಸ. ಬೂಷ್ಟು ಹಿಡಿದ ಕೋಣೆಯಲ್ಲಿ ಮಲಗುವ ಮಗುವಿಗೆ ವರ್ಷವಿಡೀ ಔಷಧಿಯ ಡೋಸು ಏರಿಸುತ್ತಾ ಹೋಗುವುದು, ಸೋರುವ ಸೂರಿನ ಕೆಳಗೆ ಕೊಡ ಇಟ್ಟು, ಕೊಡ ತುಂಬಿತೆಂದು ಇನ್ನೂ ದೊಡ್ಡ ಕೊಡ ತಂದಂತೆ.

"ಒಳ್ಳೆಯ ಮನೆಯಲ್ಲಿರುವವರಿಗೂ ಆಸ್ತಮಾ ಕೆಡುತ್ತದಲ್ಲ?" ಎಂದೂ ಕೇಳುತ್ತಾರೆ. ಕೆಡುತ್ತದೆ. ಅನುವಂಶಿಕತೆ ಇದೆ, ಪರಾಗವಿದೆ, ನೆಗಡಿಯ ವೈರಸ್ಸುಗಳಿವೆ, ಸಿಗರೇಟಿದೆ. ಅಂಥವರಿಗೆ ನಾವು ಹೇಳುವ ಪಾಠ ಕೆಲಸಕ್ಕೂ ಬರುತ್ತದೆ, ಯಾಕೆಂದರೆ ಕಿಟಕಿ ತೆರೆಯಿರಿ ಎಂದರೆ ಅವರ ಕಿಟಕಿ ತೋಟಕ್ಕೆ ತೆರೆಯುತ್ತದೆ. ಒಂದೇ ಪಾಠ ಒಬ್ಬರಿಗೆ ಮದ್ದು, ಇನ್ನೊಬ್ಬರಿಗೆ ಅಣಕ. ನಾನು ಹೇಳುತ್ತಿರುವುದೂ ಅಷ್ಟೇ.

ಹಾಗಾದರೆ ಏನು ಆಗಬೇಕು? ಆಸ್ತಮಾ ಇರುವ ಪ್ರತಿಯೊಬ್ಬರಿಗೂ ಅವರು ಓದಬಲ್ಲ ಭಾಷೆಯಲ್ಲಿ ಬರೆದ ಯೋಜನೆ ಸಿಗಬೇಕು. ಕೇಳಿ ಪಡೆಯಿರಿ, ಅದು ಉಪಕಾರವಲ್ಲ. ಪ್ರತಿ ಆಸ್ತಮಾ ಭೇಟಿಯಲ್ಲಿ ಮನೆಯ ಬಗ್ಗೆ ಮೂರು ಪ್ರಶ್ನೆ ಕೇಳಬೇಕು: ತೇವ ಇದೆಯೇ, ಕಿಟಕಿ ಎಲ್ಲಿಗೆ ತೆರೆಯುತ್ತದೆ, ಮನೆ ಬೆಚ್ಚಗಿರುತ್ತದೆಯೇ. ಉತ್ತರಗಳು ಕಡತಕ್ಕೆ ಹೋಗಬೇಕು, ಅಗತ್ಯವಿದ್ದಲ್ಲಿ ಕೌನ್ಸಿಲಿಗೂ ಮನೆ ಮಾಲೀಕರಿಗೂ ಪತ್ರವಾಗಿ ಹೋಗಬೇಕು. ಅವಾಬನ ಹೆಸರಿನ ಕಾನೂನು 2025ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ ಜಾರಿಗೆ ಬಂದಿದೆ. ತುರ್ತು ಅಪಾಯವಾದರೆ 24 ಗಂಟೆಯೊಳಗೆ ಕ್ರಮ, ಗಂಭೀರ ತೇವ ಬೂಷ್ಟಿನ ದೂರಾದರೆ 10 ಕೆಲಸದ ದಿನಗಳೊಳಗೆ ತನಿಖೆ. ಆದರೆ ಅದು ಮೊದಲು ಬಂದದ್ದು ಸಾಮಾಜಿಕ ವಸತಿಗೆ ಮಾತ್ರ. ಹೊಸದಾಗಿ ಬರುವ ನಮ್ಮ ಹುಡುಗರು, ಹುಡುಗಿಯರು, ಸಂಸಾರಗಳು ಹೆಚ್ಚಾಗಿ ಇರುವುದು ಖಾಸಗಿ ಬಾಡಿಗೆ ಮನೆಗಳಲ್ಲಿ. ದೂರು ಕೊಟ್ಟರೆ ಮನೆ ಖಾಲಿ ಮಾಡಿಸಿಯಾರು, ವೀಸಾಕ್ಕೆ ತೊಂದರೆಯಾದೀತು ಎಂದು ಹೆದರಿ ಕೂರುವವರು ಅವರೇ.

ಇಲ್ಲಿ ನಮ್ಮವರಿಗೆ ಒಂದು ಕಹಿ ಮಾತು. ನಮ್ಮ ಕನ್ನಡ ಕೂಟಗಳಲ್ಲಿ ವರ್ಷಕ್ಕೊಮ್ಮೆ ಆರೋಗ್ಯ ಭಾಷಣವಿರುತ್ತದೆ. ನಾನೂ ಮಾಡಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವರಲ್ಲಿ ಎರಡು ಮೂರು ಮನೆ ಕೊಂಡು ಬಾಡಿಗೆಗೆ ಬಿಟ್ಟವರಿದ್ದಾರೆ. ಹಿಂದಿನ ಸಾಲಿನಲ್ಲಿ ಅಂಥ ಮನೆಗಳಲ್ಲಿ ಇರುವವರಿದ್ದಾರೆ. ಊಟದ ಸಾಲಿನಲ್ಲಿ ಇಬ್ಬರೂ ಒಟ್ಟಿಗೇ ನಿಂತು ಬಿಸಿಬೇಳೆಬಾತ್ ಹಾಕಿಸಿಕೊಳ್ಳುತ್ತಾರೆ. ಬಾಡಿಗೆದಾರರ ಬಾತ್‌ರೂಮಿನ ಫ್ಯಾನ್ ಕೆಟ್ಟು ಆರು ತಿಂಗಳಾಯಿತು ಎಂಬುದು ಆ ಸಾಲಿನಲ್ಲಿ ಮಾತಾಗುವುದಿಲ್ಲ. ಮುಂದಿನ ಯುಗಾದಿಗೆ ಭಾಷಣ ಬೇಡ. ಒಂದು ಮೇಜಿನ ಮೇಲೆ ನಾಲ್ಕು ಸ್ಪೇಸರ್ ಇಟ್ಟು ಕನ್ನಡದಲ್ಲಿ ಕಲಿಸೋಣ. ಇನ್ನೊಂದು ಮೇಜಿನಲ್ಲಿ ದೂರಿನ ಪತ್ರ ಬರೆದುಕೊಡೋಣ. ಮನೆ ಬಾಡಿಗೆಗೆ ಬಿಟ್ಟವರು ಮೊದಲು ತಮ್ಮ ಗೋಡೆಗಳನ್ನು ನೋಡಿಕೊಂಡು ಬರಲಿ.

ಆ ತಾಯಿಯ ವಿಷಯಕ್ಕೆ ಬಂದರೆ, ಅವತ್ತು ಆಕೆ ಹೋದ ಮೇಲೆ ನಾನು ಕೂತು ಒಂದು ಪತ್ರ ಬರೆದೆ. ಮಗುವಿನ ಹೆಸರು, ರೋಗ, ಗೋಡೆಯ ಸ್ಥಿತಿ, ತೆರೆಯಲಾಗದ ಕಿಟಕಿ. ಒಂದೇ ಪುಟ. ಅದಕ್ಕೆ ನನಗೆ ಹಿಡಿದದ್ದು ಹದಿನೈದು ನಿಮಿಷ. ಫಲ ಸಿಗಲು ಐದು ತಿಂಗಳು ಹಿಡಿಯಿತು. ಮತ್ತೆ ಎರಡು ಪತ್ರ ಬೇಕಾದವು. ಕೊನೆಗೂ ಫ್ಯಾನ್ ಬಂತು, ಅಡುಗೆಮನೆ ಕಿಟಕಿ ಬಿಚ್ಚಿಕೊಂಡಿತು, ಮಲಗುವ ಕೋಣೆಯ ಗೋಡೆ ಕೆರೆದು ಒಣಗಿಸಿದರು. ಹುಡುಗ ಅದೇ ಕಂದು ಇನ್‌ಹೇಲರನ್ನು ಮೊದಲಿನಷ್ಟೇ ಡೋಸಿನಲ್ಲಿ ತೆಗೆದುಕೊಳ್ಳುತ್ತಿದ್ದ. ಮುಂದಿನ ಚಳಿಗಾಲದ ನೋಟ್‌ಬುಕ್ಕನ್ನು ಆಕೆ ತಂದು ನನ್ನ ಮೇಜಿನ ಮೇಲಿಟ್ಟರು. ಕೆಮ್ಮಿದ ರಾತ್ರಿಗಳು ಒಂದು ಪುಟಕ್ಕೆ ಮುಗಿದಿದ್ದವು.

ಒಂದು ಮನೆಯ ಕಥೆಯಿಂದ ಸಿದ್ಧಾಂತ ಕಟ್ಟಬಾರದು, ಗೊತ್ತು. ನನ್ನನ್ನು ಕಾಡುವುದು ಬೇರೆ ಲೆಕ್ಕ. ಆಕೆ ಮೊದಲ ಸಲ ಗೋಡೆಯ ಮಾತೆತ್ತಿದ ದಿನಕ್ಕೂ ನಾನು ಆ ಪತ್ರ ಬರೆದ ದಿನಕ್ಕೂ ನಡುವೆ ಒಂದು ಇಡೀ ಚಳಿಗಾಲವಿತ್ತು. ಆ ಚಳಿಗಾಲದಲ್ಲಿ ತಿಳಿವಳಿಕೆ ಸಾಲದೇ ಹೋದದ್ದು ಆಕೆಗಲ್ಲ.